ಲಂಡನ್ ವಾರ್ಡಿನಲ್ಲಿ ಆರು ಹುಡುಗಿಯರು

ನಮ್ಮ ಆಸ್ಪತ್ರೆಗಳಲ್ಲಿ ನರ್ಸ್ ಸಮವಸ್ತ್ರ ತೊಟ್ಟ ಯಾರನ್ನು ಕಂಡರೂ ರೋಗಿಯ ಕಡೆಯವರು ‘ಸಿಸ್ಟರ್’ ಎಂದೇ ಕರೆಯುತ್ತಾರೆ. ಮೊನ್ನೆ ತರಬೇತಿಗೆ ಸೇರಿದ ಹುಡುಗಿಯೂ ಸಿಸ್ಟರ್, ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದವರೂ ಸಿಸ್ಟರ್. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಸಿಸ್ಟರ್ ಎಂಬುದು ಒಂದು ಹುದ್ದೆ. ಇಡೀ ವಾರ್ಡಿನ ಯಜಮಾನಿಕೆ ಹೊತ್ತವರಿಗೆ ಮಾತ್ರ ಸಲ್ಲುವ ಹೆಸರು. ಹಳೆಯ ಪದ್ಧತಿಯಲ್ಲಿ ಸಿಸ್ಟರ್ ಕೆಳಗೆ ಸ್ಟಾಫ್ ನರ್ಸ್, ಆಕೆಯ ಕೆಳಗೆ ಮೂರನೇ ವರ್ಷದ ವಿದ್ಯಾರ್ಥಿನಿ, ಅನಂತರ ಎರಡನೇ ವರ್ಷದವಳು, ಎಲ್ಲರಿಗಿಂತ ಕೆಳಗೆ ಮೊದಲ ವರ್ಷದವಳು. ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆ ಎಂಬುದನ್ನು ಸೊಂಟದ ಬೆಲ್ಟಿನ ಬಣ್ಣವೋ ಟೋಪಿಯ ಪಟ್ಟಿಯೋ ಸಾರಿ ಹೇಳುತ್ತಿತ್ತು. ಬೆಡ್‌ಪ್ಯಾನ್ ತೊಳೆಯುವ ಕೆಲಸ ಯಾರ ಪಾಲಿಗೆ ಬರುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

1975ರ ಸೆಪ್ಟೆಂಬರಿನಲ್ಲಿ ಬಿಬಿಸಿ ತನ್ನ ಕ್ಯಾಮೆರಾವನ್ನು ಈ ಏಣಿಯ ತಳದ ಮೆಟ್ಟಿಲಿಗೆ ತಂದಿಟ್ಟಿತು. ಹಾಗೆ ಹುಟ್ಟಿದ ಧಾರಾವಾಹಿಯೇ ‘ಏಂಜಲ್ಸ್’. ದಕ್ಷಿಣ ಲಂಡನ್ನಿನ ಬ್ಯಾಟರ್‌ಸೀ ಪ್ರದೇಶದಲ್ಲಿ ಸೇಂಟ್ ಏಂಜೆಲಾ ಎಂಬ ಕಾಲ್ಪನಿಕ ಆಸ್ಪತ್ರೆ. ಅಲ್ಲಿ ನರ್ಸ್ ತರಬೇತಿ ಪಡೆಯುತ್ತಿರುವ ಆರು ಹುಡುಗಿಯರು. ಅವರ ಪಾಠ, ಪಾಳಿ, ಪರೀಕ್ಷೆ, ಹಾಸ್ಟೆಲ್ ಬದುಕು, ಪ್ರೇಮ, ಜಗಳ, ಸುಸ್ತು, ಇಷ್ಟೇ ಕಥೆ. ಇಷ್ಟನ್ನೇ ಇಟ್ಟುಕೊಂಡು ಧಾರಾವಾಹಿ 1983ರ ಡಿಸೆಂಬರ್‌ವರೆಗೆ ಒಂಬತ್ತು ಸರಣಿಗಳಲ್ಲಿ, ಇನ್ನೂರಕ್ಕೂ ಹೆಚ್ಚು ಕಂತುಗಳಲ್ಲಿ ಮುಂದುವರಿಯಿತು.

ಕರ್ನಾಟಕದ ವೀಕ್ಷಕರಿಗೆ ಇದರ ಪರಿಚಯ ಇಲ್ಲದಿರುವುದು ಸಹಜ. ಅದು ಆರಂಭವಾದಾಗ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ; ಅದು ಬಂದದ್ದು 1981ರಲ್ಲಿ. ಆದರೆ ಈ ಧಾರಾವಾಹಿ ತೋರಿಸಿದ ಶುಶ್ರೂಷಾ ತರಬೇತಿಯ ಪದ್ಧತಿ ನಮಗೆ ಅಷ್ಟೇನೂ ದೂರದ್ದಲ್ಲ. ಮೂರು ವರ್ಷದ ಕಲಿಕೆ, ವಾರ್ಡಿನಲ್ಲೇ ದುಡಿಮೆ, ಕಟ್ಟುನಿಟ್ಟಿನ ಹಾಸ್ಟೆಲ್, ಇವೆಲ್ಲ ಬ್ರಿಟಿಷರ ಕಾಲದಲ್ಲೇ ಭಾರತದ ಆಸ್ಪತ್ರೆಗಳಿಗೂ ಬಂದ ಸಂಗತಿಗಳು.

ಆಸ್ಪತ್ರೆಯ ಕಥೆಗಳು ಬ್ರಿಟಿಷ್ ಕಿರುತೆರೆಗೆ ಆಗ ಹೊಸತೇನೂ ಆಗಿರಲಿಲ್ಲ. ಖಾಸಗಿ ವಾಹಿನಿ ಐಟಿವಿ 1957ರಿಂದ 1967ರವರೆಗೆ ‘ಎಮರ್ಜೆನ್ಸಿ ವಾರ್ಡ್ 10’ ಎಂಬ ಧಾರಾವಾಹಿಯನ್ನು ಯಶಸ್ವಿಯಾಗಿ ನಡೆಸಿತ್ತು. ಸುಂದರಾಂಗ ಯುವ ವೈದ್ಯರು, ಅವರನ್ನು ಮೆಚ್ಚಿಕೊಳ್ಳುವ ದಾದಿಯರು, ಹೆಚ್ಚಿನಂಶ ಚೇತರಿಸಿಕೊಂಡೇ ಮನೆಗೆ ಹೋಗುವ ರೋಗಿಗಳು. ಜನ ಅದನ್ನು ಪ್ರೀತಿಯಿಂದಲೇ ನೋಡಿದರು. ‘ಏಂಜಲ್ಸ್’ ಈ ಚಿತ್ರವನ್ನು ಮಗುಚಿಹಾಕಿತು. ಇಲ್ಲಿ ವೈದ್ಯರು ಬಂದು ಹೋಗುವವರು. ಅವರು ರೌಂಡ್ಸ್ ಮುಗಿಸಿ ಹೊರಟ ಮೇಲೆ ವಾರ್ಡಿನಲ್ಲಿ ಉಳಿಯುವವರೇ ಕಥೆಯ ಕೇಂದ್ರ. ಜ್ವರದ ಚಾರ್ಟು ಬರೆಯುವುದು, ಮಲಗಿದವರ ಮಗ್ಗುಲು ಬದಲಿಸುವುದು, ಹಾಸಿಗೆಯ ಮೂಲೆಗಳನ್ನು ಮಡಚುವುದು, ಸತ್ತವರ ಮೈ ಒರೆಸುವುದು ಮುಖ್ಯ ಘಟನೆಗಳಾಗುವ ಕಥೆಯನ್ನು ವಾರವಾರ ಜನ ನೋಡುತ್ತಾರೆಯೇ ಎಂಬ ಅನುಮಾನ ಯಾರಿಗಾದರೂ ಬರಬಹುದಾಗಿತ್ತು. ಜನ ನೋಡಿದರು.

ಇದರ ಸೃಷ್ಟಿಕರ್ತೆ ಪಾಲಾ ಮಿಲ್ನ್. 1947ರಲ್ಲಿ ಹುಟ್ಟಿದ ಆಕೆಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ 1995ರಲ್ಲಿ ‘ದಿ ಪೊಲಿಟಿಷಿಯನ್ಸ್ ವೈಫ್’ ಬರೆದು ದೊಡ್ಡ ಹೆಸರು ಮಾಡಿದವರು ಇವರೇ. ಮೊದಲ ನಿರ್ಮಾಪಕ ರಾನ್ ಕ್ರ್ಯಾಡಕ್ ಪೊಲೀಸರ ದಿನಚರಿಯನ್ನು ಹೆಚ್ಚು ಬಣ್ಣ ಹಚ್ಚದೆ ತೋರಿಸಿದ ‘ಝಡ್ ಕಾರ್ಸ್’ ಧಾರಾವಾಹಿಯಲ್ಲಿ ಪಳಗಿದ್ದವರು. ಅದೇ ಬಿಗಿಯನ್ನು ಅವರು ಆಸ್ಪತ್ರೆಗೂ ತಂದರು. ಪಾತ್ರ ವಹಿಸುವ ನಟಿಯರು ಮೊದಲು ನಿಜವಾದ ವಾರ್ಡುಗಳಲ್ಲಿ ಕೆಲಸ ಮಾಡಿ ಅನುಭವ ಪಡೆಯಬೇಕೆಂದು ಕಳುಹಿಸಲಾಯಿತು. ಹೊರಾಂಗಣ ದೃಶ್ಯಗಳು ದಕ್ಷಿಣ ಲಂಡನ್ನಿನ ಬ್ಯಾಲಮ್‌ನಲ್ಲಿದ್ದ ಸೇಂಟ್ ಜೇಮ್ಸ್ ಆಸ್ಪತ್ರೆಯಲ್ಲಿ ಚಿತ್ರಿತವಾದವು. ಆ ಆಸ್ಪತ್ರೆ 1980ರ ದಶಕದ ಕೊನೆಗೆ ಮುಚ್ಚಿಹೋಯಿತು.

ಧಾರಾವಾಹಿಯ ಹೆಸರಿನಲ್ಲೇ ಒಂದು ಕುಟುಕು ಇದೆ. ಏಂಜಲ್ ಎಂದರೆ ದೇವದೂತೆ. ಬ್ರಿಟಿಷ್ ಪತ್ರಿಕೆಗಳು ದಾದಿಯರನ್ನು ಹೊಗಳುವಾಗ ಧಾರಾಳವಾಗಿ ಬಳಸುತ್ತಿದ್ದ ಪದ ಇದು. ದೇವತೆಗೆ ಹಸಿವು ನಿದ್ರೆ ಇಲ್ಲ, ಸಂಬಳದ ಚಿಂತೆಯಂತೂ ಇಲ್ಲವೇ ಇಲ್ಲ. ಸಂಬಳ ಕೊಡಬೇಕಾದವರಿಗೆ ಇದಕ್ಕಿಂತ ಅನುಕೂಲವಾದ ಬಿರುದು ಇನ್ನೊಂದು ಸಿಗಲಾರದು.

ಆ ಕಾಲದ ಸ್ಥಿತಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1969ರಲ್ಲೇ ಬ್ರಿಟನ್ನಿನ ದಾದಿಯರು ‘ರೈಸ್ ದ ರೂಫ್’ ಎಂಬ ಹೆಸರಿನಲ್ಲಿ ಸಂಬಳ ಹೆಚ್ಚಳಕ್ಕಾಗಿ ಚಳವಳಿ ನಡೆಸಿದ್ದರು. 1974ರಲ್ಲಿ ಅಸಮಾಧಾನ ಮತ್ತೆ ಭುಗಿಲೆದ್ದಿತು. ಅಲ್ಲಿಯವರೆಗೆ ಮೆರವಣಿಗೆ ಕಂಡರೆ ದೂರ ಸರಿಯುತ್ತಿದ್ದ ದಾದಿಯರು ಸಮವಸ್ತ್ರದಲ್ಲೇ ಬೀದಿಗೆ ಬಂದರು. ಆಗಿನ ಸಮಾಜ ಸೇವೆಗಳ ಸಚಿವೆ ಬಾರ್ಬರಾ ಕ್ಯಾಸಲ್, ಲಾರ್ಡ್ ಹಾಲ್ಸ್‌ಬರಿ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿದರು. ಅದೇ ವರ್ಷ ಬಂದ ಅದರ ವರದಿ ಸರಾಸರಿ ಶೇ 30ರಷ್ಟು ಹೆಚ್ಚಳಕ್ಕೆ ಶಿಫಾರಸು ಮಾಡಿತು. ಒಂದೇ ಏಟಿಗೆ ಶೇ 30 ಕೊಡಬೇಕಾಯಿತೆಂದರೆ ಅದಕ್ಕೆ ಮೊದಲು ಎಷ್ಟು ಕಡಿಮೆ ಕೊಡಲಾಗುತ್ತಿತ್ತು ಎಂಬುದನ್ನು ಓದುಗರೇ ಊಹಿಸಬಹುದು. ಇದಾಗಿ ಒಂದು ವರ್ಷಕ್ಕೆ ‘ಏಂಜಲ್ಸ್’ ತೆರೆಗೆ ಬಂತು.

ಕಲಿಯುವವರು ಎಂದು ಕರೆಸಿಕೊಳ್ಳುತ್ತಿದ್ದ ಈ ಹುಡುಗಿಯರೇ ಆಸ್ಪತ್ರೆಯನ್ನು ನಡೆಸುತ್ತಿದ್ದರು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಇದರ ಬೇರು 1860ರಲ್ಲಿದೆ. ಆ ವರ್ಷ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನಲ್ಲಿ ಸಂಗ್ರಹವಾದ ನಿಧಿಯಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಯುವತಿಯರಿಗೆ ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು ಹಣ. ಬದಲಿಗೆ ಅವರು ವಾರ್ಡಿನಲ್ಲಿ ದುಡಿಯುತ್ತ ಕಲಿಯಬೇಕು. ನಮ್ಮಲ್ಲಿ ಅಕ್ಕಸಾಲಿಗನ ಬಳಿ ಹುಡುಗ ಕೆಲಸ ಕಲಿಯುವ ರೀತಿಯೇ ಇದು. ಬೇರೆ ಆಸ್ಪತ್ರೆಗಳೂ ಇದನ್ನು ಅನುಕರಿಸಿದವು. ಶಾಲೆ ತೆರೆದರೆ ಕಡಿಮೆ ಖರ್ಚಿನಲ್ಲಿ ಬೇಕಾದಷ್ಟು ಕೈಗಳು ದೊರೆಯುತ್ತವೆ ಎಂಬ ಲೆಕ್ಕಾಚಾರ ಆಡಳಿತಗಳಿಗೆ ಬೇಗ ಅರ್ಥವಾಯಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದು ಆಸ್ಪತ್ರೆಗಳೆಲ್ಲ ಸರ್ಕಾರದ ಕೈಗೆ ಬಂದರೂ ಈ ಲೆಕ್ಕಾಚಾರ ಬದಲಾಗಲಿಲ್ಲ.

1970ರ ದಶಕದ ವಿದ್ಯಾರ್ಥಿನಿಯ ದಾರಿ ಹೀಗಿತ್ತು: ಸೇರಿದ ಮೊದಲ ಕೆಲವು ವಾರ ಆಸ್ಪತ್ರೆಗೆ ಅಂಟಿಕೊಂಡ ಶಾಲೆಯಲ್ಲಿ ಪಾಠ. ಗೊಂಬೆಯನ್ನು ಮಲಗಿಸಿಕೊಂಡು ಸ್ನಾನ ಮಾಡಿಸುವುದು, ಕಿತ್ತಳೆ ಹಣ್ಣಿಗೆ ಸೂಜಿ ಚುಚ್ಚುವುದು, ಒಬ್ಬರಿಗೊಬ್ಬರು ಬ್ಯಾಂಡೇಜ್ ಸುತ್ತುವುದು. ಅನಂತರ ನೇರ ವಾರ್ಡಿಗೆ. ಕೆಲವು ವಾರ ಹೆಂಗಸರ ವಾರ್ಡು, ಕೆಲವು ವಾರ ಶಸ್ತ್ರಚಿಕಿತ್ಸೆ, ಆಮೇಲೆ ಮಕ್ಕಳು, ವೃದ್ಧರು. ನಡುನಡುವೆ ಕೆಲವು ದಿನ ಮತ್ತೆ ತರಗತಿ. ಕೈ ಸದಾ ತೊಳೆಯಬೇಕಾದ್ದರಿಂದ ಮಣಿಕಟ್ಟಿಗೆ ಗಡಿಯಾರ ಕಟ್ಟುವಂತಿಲ್ಲ; ಎದೆಯ ಮೇಲೆ ತಲೆಕೆಳಗಾಗಿ ಸಿಕ್ಕಿಸಿಕೊಂಡರೆ ನಾಡಿ ಹಿಡಿದಾಗ ತಲೆ ಬಗ್ಗಿಸಿ ನೋಡಬಹುದು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಎರಡನೇ ಅಥವಾ ಮೂರನೇ ವರ್ಷದ ಹುಡುಗಿ ಒಬ್ಬಳೇ ಹೊಣೆ, ಜೊತೆಗೆ ಸಹಾಯಕ್ಕೆ ಇನ್ನೊಬ್ಬಳು ಎಂಬುದು ಅಪರೂಪದ ಸಂಗತಿಯಾಗಿರಲಿಲ್ಲ. ಇಪ್ಪತ್ತೈದು ಮೂವತ್ತು ಹಾಸಿಗೆಗಳ ಉದ್ದನೆಯ ಹಜಾರ, ನಡುವೆ ಮೇಜು, ಅದರ ಮೇಲೆ ಮಂದ ದೀಪ. ಆ ದೀಪದ ಬಳಿ ಕುಳಿತವಳಿಗೆ ಇಪ್ಪತ್ತು ವರ್ಷ!

ಲಿಖಿತ ಪರೀಕ್ಷೆಯ ಜೊತೆಗೆ ವಾರ್ಡಿನಲ್ಲೇ ನಾಲ್ಕು ಪರೀಕ್ಷೆಗಳನ್ನು ಆಕೆ ದಾಟಬೇಕಿತ್ತು. ಸೋಂಕು ತಗುಲದಂತೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಒಂದು. ಮಾತ್ರೆ, ಔಷಧಿಗಳನ್ನು ಸರಿಯಾದ ರೋಗಿಗೆ ಸರಿಯಾದ ಪ್ರಮಾಣದಲ್ಲಿ ಕೊಡುವುದು ಇನ್ನೊಂದು. ಒಬ್ಬ ರೋಗಿಯ ಸಂಪೂರ್ಣ ಆರೈಕೆ ಮೂರನೆಯದು. ಕೊನೆಯದು, ಒಂದು ಪಾಳಿಯ ಕಾಲ ಇಡೀ ವಾರ್ಡನ್ನು ನಿಭಾಯಿಸುವುದು. ಪರೀಕ್ಷಕಿ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾಳೆ, ರೋಗಿ ಮಾತ್ರ ನಿಜವಾದ ರೋಗಿ. ನಾಟಕ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸನ್ನಿವೇಶವನ್ನು ಕಲ್ಪನೆಯಿಂದ ಹುಟ್ಟಿಸುವ ಅಗತ್ಯವೇ ಇರಲಿಲ್ಲ. ಕೆಲಸಗಾರಳಾಗಿ ಆಕೆ ವಾರ್ಡಿಗೆ ಬೇಕೇ ಬೇಕು, ವಿದ್ಯಾರ್ಥಿನಿಯಾಗಿ ಆಕೆ ತಪ್ಪು ಮಾಡಿ ಕಲಿಯಬೇಕು. ಎರಡೂ ಒಟ್ಟಿಗೆ ಸಾಗುವುದು ಕಷ್ಟ. ‘ಏಂಜಲ್ಸ್’ನ ಜೀವಾಳ ಇರುವುದು ಈ ಇಕ್ಕಟ್ಟಿನಲ್ಲಿ.

ಮೊದಲ ಸರಣಿಯ ಆರು ಮಂದಿಯ ಆಯ್ಕೆಯೂ ಯೋಚಿಸಿ ಮಾಡಿದ್ದು. ಪೆಟ್ರೀಷಿಯಾ ರುದರ್‌ಫರ್ಡ್ ಆಗಿ ಫಿಯೋನಾ ಫುಲರ್ಟನ್, ಜೋ ಲಾಂಗ್‌ಹರ್ಸ್ಟ್ ಆಗಿ ಜೂಲಿ ಡಾನ್ ಕೋಲ್, ಶರ್ಲಿ ಬ್ರೆಂಟ್ ಆಗಿ ಕ್ಲೇರ್ ಕ್ಲಿಫರ್ಡ್, ರೂತ್ ಫುಲ್‌ಮನ್ ಆಗಿ ಲೆಸ್ಲಿ ಡನ್‌ಲಪ್. ಐರ್ಲೆಂಡಿನ ಹುಡುಗಿ ಮಾರೀನ್ ಮೊರಹನ್ ಪಾತ್ರದಲ್ಲಿ ಎರಿನ್ ಗೆರಾಟಿ. ಆರನೆಯವಳ ಹೆಸರು ಸೀತಾ ಪಟೇಲ್. ಆ ಪಾತ್ರ ಕರನ್ ಡೇವಿಡ್ ಅವರದು. 1975ರ ಬ್ರಿಟಿಷ್ ಕಿರುತೆರೆಯಲ್ಲಿ ಭಾರತೀಯ ಹೆಸರಿನ ಹುಡುಗಿಯೊಬ್ಬಳು ನಗೆಪಾಟಲಿನ ಪಾತ್ರವಾಗದೆ, ಐವರು ಗೆಳತಿಯರಿಗೆ ಸಮನಾಗಿ ನಿಂತದ್ದನ್ನು ಸಣ್ಣ ಸಂಗತಿ ಎನ್ನುವಂತಿಲ್ಲ. ಅದೇ ದಶಕದಲ್ಲಿ ಏಷ್ಯನ್ನರ ಉಚ್ಚಾರಣೆಯನ್ನು ಅಣಕಿಸುವುದೇ ಹಾಸ್ಯ ಎಂದುಕೊಂಡ ಕಾರ್ಯಕ್ರಮಗಳು ಅಲ್ಲಿ ಧಾರಾಳವಾಗಿ ನಡೆಯುತ್ತಿದ್ದವು.

ಮುಂದಿನ ಸರಣಿಗಳಲ್ಲಿ ಸ್ಯಾಂಡ್ರಾ ಲಿಂಗ್ ಪಾತ್ರದಲ್ಲಿ ಏಂಜೆಲಾ ಬ್ರೂಸ್, ಬೆವರ್ಲಿ ಸ್ಲೇಟರ್ ಪಾತ್ರದಲ್ಲಿ ಜೂಡಿತ್ ಜೇಕಬ್ ಬಂದರು. ಇಬ್ಬರೂ ಕಪ್ಪು ಬ್ರಿಟಿಷ್ ನಟಿಯರು. ಇದನ್ನು ನಿರ್ಮಾಪಕರ ಔದಾರ್ಯ ಎಂದು ತಿಳಿಯಬೇಕಾಗಿಲ್ಲ. ಐರ್ಲೆಂಡ್, ವೆಸ್ಟ್ ಇಂಡೀಸ್, ಮಲೇಷ್ಯಾ, ಮಾರಿಷಸ್‌ಗಳಿಂದ ಬಂದ ಹುಡುಗಿಯರಿಲ್ಲದೆ ಆಗಿನ ಲಂಡನ್ನಿನ ಆಸ್ಪತ್ರೆ ಒಂದು ದಿನವೂ ನಡೆಯುವಂತಿರಲಿಲ್ಲ. ಬಿಳಿಯರನ್ನು ಮಾತ್ರ ತೋರಿಸಿದ್ದರೆ ಅದು ಸುಳ್ಳಾಗುತ್ತಿತ್ತು.

ಈ ಹುಡುಗಿಯರ ಹಣೆಬರಹ ನಿರ್ಧರಿಸುತ್ತಿದ್ದ ಇನ್ನೊಂದು ವ್ಯವಸ್ಥೆಯನ್ನು ಇಲ್ಲಿ ವಿವರಿಸಬೇಕು. ಬ್ರಿಟನ್ನಿನಲ್ಲಿ ಆಗ ಎರಡು ಬಗೆಯ ದಾದಿಯರಿದ್ದರು. 1919ರ ಕಾನೂನಿನ ಪ್ರಕಾರ ರಿಜಿಸ್ಟರಿನಲ್ಲಿ ಹೆಸರು ನಮೂದಾದವರು ಎಸ್‌ಆರ್‌ಎನ್. ಮೂರು ವರ್ಷದ ತರಬೇತಿ. ಯುದ್ಧಕಾಲದಲ್ಲಿ, 1943ರ ಕಾನೂನಿನಿಂದ ಇನ್ನೊಂದು ಪಟ್ಟಿ ಹುಟ್ಟಿತು. ಅದರಲ್ಲಿ ಎರಡು ವರ್ಷ ತರಬೇತಿ ಪಡೆದವರು. ಮುಂದೆ ಅವರಿಗೆ ಎಸ್‌ಇಎನ್ ಎಂಬ ಹೆಸರು ಬಂತು. ಮೂರು ಅಕ್ಷರಗಳಲ್ಲಿ ಒಂದು ಅಕ್ಷರದ ವ್ಯತ್ಯಾಸ. ಆದರೆ ಎಸ್‌ಇಎನ್ ಆದವಳು ಸಿಸ್ಟರ್ ಹುದ್ದೆಗೆ ಏರುವಂತಿರಲಿಲ್ಲ. ವೆಸ್ಟ್ ಇಂಡೀಸ್‌ನಿಂದ ಬಂದ ಎಷ್ಟೋ ಯುವತಿಯರನ್ನು, ಅವರಿಗೆ ಬೇಕಾದ ಅರ್ಹತೆ ಇದ್ದರೂ, ಈ ಎರಡು ವರ್ಷದ ತರಬೇತಿಗೇ ಹಾಕಲಾಯಿತು. ಎರಡರ ನಡುವಿನ ಅಂತರ ಏನೆಂದು ಅನೇಕರಿಗೆ ತಿಳಿದದ್ದು ಕೋರ್ಸು ಮುಗಿದ ಮೇಲೆ. ಸ್ವದೇಶಕ್ಕೆ ಮರಳಿದರೆ ಆ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಕಲಿಯಲೆಂದು ಸಮುದ್ರ ದಾಟಿ ಹೋದವರು ಕೆಳಗಿನ ಮೆಟ್ಟಿಲಿನಲ್ಲೇ ನಿವೃತ್ತಿಯವರೆಗೆ ಉಳಿದ ಉದಾಹರಣೆಗಳಿಗೆ ಕೊರತೆಯಿಲ್ಲ.

ಆಡಳಿತದ ಮಟ್ಟದಲ್ಲೂ ಅದು ಕಲಸುಮೇಲೋಗರದ ಕಾಲ. 1966ರ ಸಾಲ್ಮನ್ ವರದಿಯ ನಂತರ ಇಡೀ ಆಸ್ಪತ್ರೆಯನ್ನು ಗದರಿಸಿ ನಡೆಸುತ್ತಿದ್ದ ‘ಮೇಟ್ರನ್’ ಹುದ್ದೆ ಮರೆಯಾಗಿ, ಆ ಜಾಗಕ್ಕೆ ನರ್ಸಿಂಗ್ ಆಫೀಸರುಗಳ ಶ್ರೇಣಿಗಳು ಬಂದವು. ತರಬೇತಿಯ ಸುಧಾರಣೆಗೆಂದು ನೇಮಕವಾದ ಸಮಿತಿಯ ಅಧ್ಯಕ್ಷರು ಇತಿಹಾಸಕಾರ ಏಸಾ ಬ್ರಿಗ್ಸ್. ಬಿಬಿಸಿಯೂ ಸೇರಿದಂತೆ ಬ್ರಿಟಿಷ್ ಪ್ರಸಾರ ಮಾಧ್ಯಮದ ಇತಿಹಾಸವನ್ನು ಐದು ಸಂಪುಟಗಳಲ್ಲಿ ಬರೆದವರೂ ಅವರೇ ಎಂಬುದು ಸ್ವಾರಸ್ಯದ ಸಂಗತಿ. ಎರಡು ಬಗೆಯ ಪ್ರವೇಶ ಬೇಡ, ಎಲ್ಲರಿಗೂ ಒಂದೇ ಮೂಲ ತರಬೇತಿ ಇರಲಿ ಎಂದು ಅವರ ಸಮಿತಿ 1972ರಲ್ಲೇ ಹೇಳಿತು. ಸರ್ಕಾರ ಅದರ ಆಧಾರದ ಮೇಲೆ ಕಾನೂನು ಮಾಡಿದ್ದು 1979ರಲ್ಲಿ. ಸಮಿತಿಯ ವರದಿಗಳು ಕಪಾಟಿನಲ್ಲಿ ಮಲಗುವುದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ರೋಗವಲ್ಲ ಎಂದಾಯಿತು.

‘ಏಂಜಲ್ಸ್’ಗೆ ಟೀಕೆಯೂ ಬಂತು. ಪಾಳಿ ಮುಗಿಸಿದ ಹುಡುಗಿಯರು ಮದ್ಯ ಕುಡಿಯುತ್ತಾರೆ, ಗೆಳೆಯರನ್ನು ಹುಡುಕಿಕೊಳ್ಳುತ್ತಾರೆ, ಗರ್ಭನಿರೋಧಕಗಳ ಬಗ್ಗೆ ಸಂಕೋಚವಿಲ್ಲದೆ ಮಾತಾಡುತ್ತಾರೆ. ವೃತ್ತಿಯ ಮಾನ ಕಳೆಯುವ ಚಿತ್ರಣ ಇದು ಎಂದು ಕೆಲವರು ಸಿಟ್ಟಾದರು. ಹಗಲೆಲ್ಲ ಸಾವಿನ ಪಕ್ಕ ನಿಂತು ಬಂದ ಇಪ್ಪತ್ತರ ಹುಡುಗಿ ಸಂಜೆ ಭಜನೆಗೆ ಕುಳಿತುಕೊಳ್ಳಬೇಕೆಂಬ ನಿರೀಕ್ಷೆ ನ್ಯಾಯವಾದುದಲ್ಲ. ಧಾರಾವಾಹಿಯ ದೋಷ ಬೇರೆ ಕಡೆ ಇದೆ. ಸ್ಟುಡಿಯೋದಲ್ಲಿ ಕಟ್ಟಿದ ವಾರ್ಡಿನ ಸೆಟ್ಟುಗಳು, ಮಂದಗತಿ, ದೀರ್ಘ ಸಂಭಾಷಣೆ ಇಂದಿನ ಕಣ್ಣಿಗೆ ಬೇಸರ ತರಿಸಬಹುದು.

1979ರಲ್ಲಿ ಅದರ ಸ್ವರೂಪವೇ ಬದಲಾಯಿತು. ವಾರಕ್ಕೊಮ್ಮೆ ಐವತ್ತು ನಿಮಿಷ ಬರುತ್ತಿದ್ದುದು ವಾರಕ್ಕೆ ಎರಡು ಸಲ ಅರ್ಧ ತಾಸಿನ ಕಂತುಗಳಾಯಿತು. ಆಸ್ಪತ್ರೆಯೂ ಬದಲಾಗಿ ಕಥೆ ಬರ್ಮಿಂಗ್‌ಹ್ಯಾಮಿನ ‘ಹೀತ್ ಗ್ರೀನ್’ಗೆ ಸ್ಥಳಾಂತರಗೊಂಡಿತು. ಈ ಹಂತದಲ್ಲಿ ಚುಕ್ಕಾಣಿ ಹಿಡಿದವರು ನಿರ್ಮಾಪಕಿ ಜೂಲಿಯಾ ಸ್ಮಿತ್ ಮತ್ತು ಕಥಾ ಸಂಪಾದಕ ಟೋನಿ ಹಾಲೆಂಡ್. ಹಲವು ಪಾತ್ರಗಳ ಕಥೆಗಳನ್ನು ಜಡೆಯಂತೆ ಹೆಣೆದು ವಾರಕ್ಕೆರಡು ಸಲ ಕೊಡುವ ವಿದ್ಯೆಯನ್ನು ಇವರಿಬ್ಬರು ಇಲ್ಲಿ ಕರಗತ ಮಾಡಿಕೊಂಡರು. 1985ರ ಫೆಬ್ರುವರಿಯಲ್ಲಿ ಇದೇ ಜೋಡಿ ‘ಈಸ್ಟ್‌ಎಂಡರ್ಸ್’ ಆರಂಭಿಸಿತು. ನಾಲ್ಕು ದಶಕ ದಾಟಿದರೂ ಅದು ನಿಂತಿಲ್ಲ. ‘ಏಂಜಲ್ಸ್’ನ ಶರ್ಲಿ ಚೆರಿಟನ್, ಕ್ಯಾತ್ರಿನ್ ಅಪನೊವಿಚ್, ಜೂಡಿತ್ ಜೇಕಬ್ ಮೂವರೂ ಅಲ್ಲಿ ಪಾತ್ರ ಪಡೆದರು, ಜೂಡಿತ್ ಅವರಿಗೆ ಅಲ್ಲಿಯೂ ಸಿಕ್ಕಿದ್ದು ಆರೋಗ್ಯ ಸಂದರ್ಶಕಿಯ ಪಾತ್ರ! 1986ರಲ್ಲಿ ಆರಂಭವಾಗಿ ಈಗಲೂ ನಡೆಯುತ್ತಿರುವ ಆಸ್ಪತ್ರೆ ಧಾರಾವಾಹಿ ‘ಕ್ಯಾಶುವಾಲ್ಟಿ’ಗೂ ನೆಲ ಹದ ಮಾಡಿಕೊಟ್ಟದ್ದು ‘ಏಂಜಲ್ಸ್’ ಎನ್ನಬಹುದು. ಮೊದಲ ಸರಣಿಯ ಫಿಯೋನಾ ಫುಲರ್ಟನ್ ಬೇರೆ ದಾರಿ ಹಿಡಿದು 1985ರಲ್ಲಿ ಜೇಮ್ಸ್ ಬಾಂಡ್ ಚಿತ್ರ ‘ಎ ವ್ಯೂ ಟು ಎ ಕಿಲ್’ನಲ್ಲಿ ರಷ್ಯನ್ ಬೇಹುಗಾರ್ತಿಯಾದರು.

ಧಾರಾವಾಹಿ ಮುಗಿದ 1983ರಲ್ಲೇ, 1919ರಿಂದ ದಾದಿಯರ ಪಟ್ಟಿ ಕಾಯ್ದುಕೊಂಡು ಬಂದಿದ್ದ ಜನರಲ್ ನರ್ಸಿಂಗ್ ಕೌನ್ಸಿಲ್ ಕೂಡ ರದ್ದಾಗಿ ಹೊಸ ಮಂಡಳಿ ಅಧಿಕಾರ ವಹಿಸಿಕೊಂಡಿತು. ಆ ಮಂಡಳಿ 1986ರಲ್ಲಿ ಮುಂದಿಟ್ಟ ‘ಪ್ರಾಜೆಕ್ಟ್ 2000’ ಯೋಜನೆ ಹಳೆಯ ಪದ್ಧತಿಗೆ ಕೊನೆ ಹಾಡಿತು. ವಿದ್ಯಾರ್ಥಿಗಳು ಕಾಲೇಜಿಗೆ ಸೇರಿದವರು, ವಾರ್ಡಿನ ಸಿಬ್ಬಂದಿಯ ಲೆಕ್ಕಕ್ಕೆ ಸೇರುವವರಲ್ಲ ಎಂದಾಯಿತು. ಸಂಬಳದ ಬದಲು ವಿದ್ಯಾರ್ಥಿವೇತನ. ಎರಡು ವರ್ಷದ ಎಸ್‌ಇಎನ್ ತರಬೇತಿಯೂ ನಿಂತಿತು. 2013ರಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಸೇರುವವರಿಗೆಲ್ಲ ಪದವಿ ಕೋರ್ಸ್ ಕಡ್ಡಾಯವಾಯಿತು. ಅಗ್ಗದ ದುಡಿಮೆಯಿಂದ ವಿದ್ಯಾರ್ಥಿನಿಗೆ ಬಿಡುಗಡೆ ಸಿಕ್ಕಿತು ಎನ್ನುವಷ್ಟರಲ್ಲಿ, 2017ರಲ್ಲಿ ಇಂಗ್ಲೆಂಡ್ ಸರ್ಕಾರ ಹೊಸಬರಿಗೆ ಆ ವಿದ್ಯಾರ್ಥಿವೇತನವನ್ನೂ ತೆಗೆದು ಸಾಲ ಮಾಡಿ ಓದಿರಿ ಎಂದಿತು. ಪೆಟ್ರೀಷಿಯಾ, ಮಾರೀನ್, ಸೀತಾ ಪಡೆಯುತ್ತಿದ್ದುದು ಅಲ್ಪ ಸಂಬಳವೇ ಇರಬಹುದು, ಆದರೆ ಕಲಿಯುವುದಕ್ಕಾಗಿ ಅವರು ಸಾಲಗಾರರಾಗಬೇಕಾಗಿರಲಿಲ್ಲ. ಟೀಕೆ ಹೆಚ್ಚಾದ ಮೇಲೆ 2020ರಿಂದ ವರ್ಷಕ್ಕೆ ಕನಿಷ್ಠ 5,000 ಪೌಂಡ್ ಸಹಾಯಧನ ಬಂದಿತಾದರೂ ಶುಲ್ಕದ ಸಾಲ ಉಳಿಯಿತು.

ಖಾಲಿ ಬಿದ್ದ ಜಾಗಗಳನ್ನು ತುಂಬಲು ಬ್ರಿಟನ್ ಮತ್ತೆ ಹೊರದೇಶಗಳತ್ತ ನೋಡುತ್ತಿದೆ. ಕೇರಳದ ಜೊತೆಗೆ ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರೂ ಅಲ್ಲಿನ ಆಸ್ಪತ್ರೆಗಳಲ್ಲಿದ್ದಾರೆ. ಇಲ್ಲಿ ವರ್ಷಗಟ್ಟಲೆ ವಾರ್ಡು ನೋಡಿಕೊಂಡು ‘ಸಿಸ್ಟರ್’ ಎನಿಸಿಕೊಂಡವರು ಅಲ್ಲಿಗೆ ಹೋದಾಗ, ನೋಂದಣಿ ಆಗುವವರೆಗೆ ಕೆಳಗಿನ ವೇತನಶ್ರೇಣಿಯಲ್ಲಿ, ಮೇಲ್ವಿಚಾರಣೆಯ ಅಡಿಯಲ್ಲಿ ದುಡಿಯುತ್ತಾರೆ. ನೋಂದಣಿಗೆ ಮೊದಲು ಒಂದು ಪ್ರಾಯೋಗಿಕ ಪರೀಕ್ಷೆ ಇದೆ. ಪರೀಕ್ಷಕರ ಎದುರು ನಿಂತು ಮಾಡಿ ತೋರಿಸಬೇಕಾದ ಕೆಲಸಗಳ ಪೈಕಿ ಎರಡು, ಸೇಂಟ್ ಏಂಜೆಲಾ ಆಸ್ಪತ್ರೆಯ ಹುಡುಗಿಯರಿಗೂ ಪರಿಚಿತವಾಗಿದ್ದವೇ: ಸರಿಯಾದ ರೋಗಿಗೆ ಸರಿಯಾದ ಔಷಧಿ ಕೊಡುವುದು, ಸೋಂಕು ತಗುಲದಂತೆ ಗಾಯವನ್ನು ನೋಡಿಕೊಳ್ಳುವುದು.